ಇಳಿದರು, ಇಳಿಸಿದರು: ಬಡವರ ಸುದ್ದಿ ಬರೆಯುವ ಬಗ್ಗೆ

ರಾತ್ರಿಪಾಳಿ

ಇಪ್ಪತ್ತೆರಡು ವರ್ಷ ಕನ್ನಡ ದಿನಪತ್ರಿಕೆಗಳಲ್ಲಿ ಕೆಲಸ ಮಾಡಿದ್ದೇನೆ. ಮೊದಲ ಆರು ವರ್ಷ ವರದಿಗಾರ, ಆಮೇಲೆ ಪೂರ್ತಿ ಡೆಸ್ಕು. ಜಿಲ್ಲಾ ಆವೃತ್ತಿಯ ಪುಟ ಕಟ್ಟುವುದು, ತಲೆಬರಹ ಕೊಡುವುದು ನನ್ನ ಕೆಲಸ. ಒಂದು ಅಕ್ಷರದ ವಿಷಯ ಬಹಳ ದಿನದಿಂದ ಮನಸ್ಸಿನಲ್ಲಿ ಕೂತಿದೆ. ಅದನ್ನು ಈ ಚರ್ಚಾ ವೇದಿಕೆಯಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ. ಪತ್ರಿಕೆಯವರು, ಓದುವವರು, ಎಂದಾದರೂ ಸುದ್ದಿಯಾದವರು, ಎಲ್ಲರೂ ಮಾತಾಡಿ.

2016ರ ಮುಂಗಾರಿಗೆ ಮುಂಚೆ, ಒಂದು ರಾತ್ರಿ ಪುಟ ಬಿಡುವ ಹೊತ್ತಿಗೆ ಜಿಲ್ಲೆಯ ಒಂದು ಪಟ್ಟಣದಿಂದ ಸುದ್ದಿ ಬಂತು. ಯುಜಿಡಿ, ಅಂದರೆ ಒಳಚರಂಡಿಯ ಲೈನ್ ಕಟ್ಟಿಕೊಂಡಿತ್ತು. ಗುಂಡಿಯಲ್ಲಿ ಇಬ್ಬರು ಉಸಿರುಗಟ್ಟಿ ತೀರಿಕೊಂಡಿದ್ದರು. ಮೊದಲು ಒಬ್ಬರು, ಅವರನ್ನು ಎತ್ತಲು ಹೋದ ಇನ್ನೊಬ್ಬರು. ವರದಿಗಾರ ಫೋನಿನಲ್ಲೇ ಹೇಳಿದ, ನಾನು ಟೈಪ್ ಮಾಡಿಕೊಂಡೆ. 'ಮ್ಯಾನ್‌ಹೋಲ್‌ಗೆ ಇಳಿದ ಇಬ್ಬರ ಸಾವು' ಅಂತ ತಲೆಬರಹ ಕೊಟ್ಟೆ. ಡಬಲ್ ಕಾಲಂಗೆ ಅಳತೆ ಸರಿಯಾಗಿ ಕೂತಿತು. ಪುಟ ಬಿಟ್ಟು ಮನೆಗೆ ಹೋಗಿ ಮಲಗಿದೆ.

ನಾಲ್ಕು ತಿಂಗಳಾದ ಮೇಲೆ ಒಬ್ಬ ಹೆಣ್ಣುಮಗಳು ಕಚೇರಿಗೆ ಬಂದರು. ಮೂವತ್ತು ದಾಟಿರಲಿಲ್ಲ. ಜೊತೆಗೆ ಅವರ ಅತ್ತೆ. ಪ್ಲಾಸ್ಟಿಕ್ ಕವರಿನೊಳಗೆ ಮಡಚಿಟ್ಟ ನಮ್ಮ ಪತ್ರಿಕೆಯ ತುಂಡು. 'ಅಣ್ಣಾ, ಇದನ್ನ ಬರೆದೋರು ಯಾರು?' ಅಂದರು. ಜಗಳಕ್ಕೆ ಬಂದಿದ್ದಾರೆ ಅಂದುಕೊಂಡೆ. ಅವರು ದನಿ ಏರಿಸಲೇ ಇಲ್ಲ. ಬೆರಳನ್ನು ತಲೆಬರಹದ ಮೇಲೆ ಇಟ್ಟು, 'ನಮ್ಮನೆಯವ್ರು ಇಳೀಲಿಲ್ಲ ಅಣ್ಣಾ, ಇಳಿಸಿದ್ರು' ಅಂದರು.

ಆಮೇಲೆ ವಿಷಯ ತಿಳಿಯಿತು. ಪರಿಹಾರದ ಮಾತು ಬಂದಾಗೆಲ್ಲ ಕೆಲಸ ಕೊಟ್ಟವನು 'ನಾನು ಇಳಿ ಅಂದಿರಲಿಲ್ಲ, ಅವರಾಗೇ ಇಳಿದರು, ಪೇಪರಲ್ಲೂ ಹಂಗೇ ಬಂದಿದೆ' ಅನ್ನುತ್ತಿದ್ದನಂತೆ. ನಾನು ಅಳತೆಗೆ ಕೂರಿಸಿದ ತಲೆಬರಹ ಅವನ ಕೈಯಲ್ಲಿ ಸಾಕ್ಷಿಯಾಗಿತ್ತು.

ಶಾಲೆಯಲ್ಲಿ ಪ್ರೇರಣಾರ್ಥಕ ಕ್ರಿಯಾಪದ ಅಂತ ಕಲಿತಿದ್ದೇವೆ. ಮಾಡು, ಮಾಡಿಸು. ಇಳಿ, ಇಳಿಸು. ಒಂದು 'ಸ' ಸೇರಿದ ಕೂಡಲೇ ವಾಕ್ಯದೊಳಗೆ ಇನ್ನೊಬ್ಬ ಮನುಷ್ಯ ಬಂದು ನಿಲ್ಲುತ್ತಾನೆ. ಆ ಹೆಣ್ಣುಮಗಳು ಹೋದ ಮೇಲೆ ನಾನೇ ಕಟ್ಟಿದ ಹಳೆಯ ಪುಟಗಳನ್ನು ತೆಗೆದು ನೋಡಿದೆ. 'ಗುಳೆ ಹೋದ ಕುಟುಂಬಗಳು'. 'ಶಾಲೆ ಬಿಟ್ಟ ಮಕ್ಕಳು'. 'ಸೂರು ಕಳೆದುಕೊಂಡ ನಿವಾಸಿಗಳು'. 'ಸಾಲಬಾಧೆ ತಾಳದೆ ರೈತ ಆತ್ಮಹತ್ಯೆ', ಇದನ್ನಂತೂ ಎಷ್ಟು ಸಲ ಕೊಟ್ಟಿದ್ದೇನೋ. ಸಾಲ ಯಾರದು, ಬಡ್ಡಿ ಎಷ್ಟು, ಹಿಂದಿನ ದಿನ ಮನೆ ಬಾಗಿಲಿಗೆ ಬಂದವರು ಯಾರು, ಒಂದೂ ಇಲ್ಲ. ಬಾಧೆ ಎಂಬುದು ಮಳೆಯ ಹಾಗೆ ಆಕಾಶದಿಂದ ಬಿದ್ದಿತ್ತು. ನನ್ನ ಪುಟಗಳಲ್ಲಿ ನೋವು ಉಂಡವರೆಲ್ಲ ಇದ್ದರು. ಅವರ ಕಣ್ಣೀರಿಗೆ ಬಾಕ್ಸ್ ಐಟಂ ಕೊಟ್ಟಿದ್ದೆ, ಮನ ಕಲಕುವ ಪೀಠಿಕೆ ಬರೆದಿದ್ದೆ. ನೋವು ಉಣಿಸಿದವರು ಮಾತ್ರ ಒಬ್ಬರೂ ಇರಲಿಲ್ಲ.

ನನಗೆ ಆ ರಾತ್ರಿ ಯಾರ ಒತ್ತಡವೂ ಇರಲಿಲ್ಲ. ಯಾರೂ ದುಡ್ಡು ಕೊಟ್ಟಿರಲಿಲ್ಲ. ಕೈ ತಾನಾಗಿಯೇ 'ಇಳಿದ' ಅಂತ ಟೈಪ್ ಮಾಡಿತು. ನನ್ನನ್ನು ಕಾಡುವುದು ಅದೇ.

ಕಪ್ಪುಕೋಟು

ಸರ್, ಕಾರ್ಮಿಕರ ಪ್ರಕರಣಗಳನ್ನು ನಡೆಸುವವಳಾಗಿ ಒಂದಿಷ್ಟು ಹೇಳಬೇಕು, ಏಕೆಂದರೆ ಈ 'ಅವರಾಗೇ ಇಳಿದರು' ಅನ್ನುವ ಮಾತನ್ನು ನಾನು ಬಹಳ ಸಲ ಕೇಳಿದ್ದೇನೆ.

ಮಲ ಹೊರುವ ಕೆಲಸಕ್ಕೆ ಜನರನ್ನು ನೇಮಿಸುವುದನ್ನು ನಿಷೇಧಿಸುವ 2013ರ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಒಳಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಸ್ವಚ್ಛತೆಗೆ ಯಾರನ್ನೂ ನೇಮಿಸುವಂತಿಲ್ಲ. ನೇರವಾಗಿಯೂ ಇಲ್ಲ, ಗುತ್ತಿಗೆದಾರನ ಮೂಲಕವೂ ಇಲ್ಲ. ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇಳಿದವರಿಗೆ ಈ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ, ಇಳಿಸಿದವರಿಗಿದೆ. ಕಾಯ್ದೆಯೇ ಪ್ರೇರಣಾರ್ಥಕದಲ್ಲಿದೆ ಅನ್ನಬಹುದು.

2014ರ ಮಾರ್ಚ್ 27ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, 1993ರಿಂದ ಈಚೆಗೆ ಹೀಗೆ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕು ಎಂದಿತು. 2023ರ ಅಕ್ಟೋಬರ್ 20ರ ತೀರ್ಪು ಅದನ್ನು 30 ಲಕ್ಷಕ್ಕೆ ಏರಿಸಿತು. ಸತ್ತವರು ಪರಿಶಿಷ್ಟ ಜಾತಿಯವರಾಗಿದ್ದರೆ, ಅವರಿಂದ ಇಂಥ ಕೆಲಸ ಮಾಡಿಸಿದ್ದೇ ದೌರ್ಜನ್ಯ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2016ರ ಜನವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿ ಅದನ್ನು ಬಿಡಿಸಿ ಹೇಳುತ್ತದೆ. ಇಷ್ಟಿದ್ದೂ ಠಾಣೆಯಲ್ಲಿ ಮೊದಲು ದಾಖಲಾಗುವುದು 'ನಿರ್ಲಕ್ಷ್ಯದಿಂದ ಸಾವು' ಮಾತ್ರ. ಮಾರನೇ ದಿನದ ಪತ್ರಿಕೆಯಲ್ಲಿ 2013ರ ಕಾಯ್ದೆಯ ಹೆಸರು ಒಂದು ಸಾಲಿನಲ್ಲಿ ಬಂದರೂ ಪೊಲೀಸರ ಜೊತೆ ಮಾತಾಡುವುದು ನಮಗೆ ಸುಲಭವಾಗುತ್ತದೆ. ನಿಮ್ಮ ವರದಿಗಾರರಿಗೆ ಇದು ಗೊತ್ತಿರಲಿ ಎಂದು ಬರೆದೆ.

ಇನ್ನೊಂದು ಮಾತು. 'ಮಲ ಹೊರುವ ಪದ್ಧತಿ' ಅಂತ ಎಲ್ಲರೂ ಬರೆಯುತ್ತೇವೆ, ಅರ್ಜಿಗಳಲ್ಲಿ ನಾನೂ ಬರೆಯುತ್ತೇನೆ. ಹೊರಿಸುವ ಪದ್ಧತಿ ಅಲ್ಲವೇ ಅದು? ನಿಮ್ಮ ಬರಹ ಓದುವವರೆಗೆ ನನಗೂ ಹೊಳೆದಿರಲಿಲ್ಲ.

ತಾಲ್ಲೂಕು ವರದಿ

ಸರ್, ಮನಸ್ಸಿಗೆ ಬೇಜಾರಾದರೂ ಹೇಳಿಬಿಡುತ್ತೇನೆ. ಡೆಸ್ಕಿನಲ್ಲಿ ಕೂತು 'ಸ' ಸೇರಿಸುವುದು ಸುಲಭ. ಸ್ಥಳದಲ್ಲಿ ನಿಲ್ಲುವವನು ನಾನು.

ಹದಿನಾಲ್ಕು ವರ್ಷದಿಂದ ಅರೆಕಾಲಿಕ ವರದಿಗಾರ. ಗೌರವಧನ ಪೆಟ್ರೋಲಿಗೆ ಸರಿಹೋಗುತ್ತದೆ. ಉಳಿದದ್ದು ಜಾಹೀರಾತಿನ ಕಮಿಷನ್. ಆಗಸ್ಟ್ 15ಕ್ಕೆ, ರಾಜ್ಯೋತ್ಸವಕ್ಕೆ, ಶಾಸಕರ ಹುಟ್ಟುಹಬ್ಬಕ್ಕೆ ಶುಭಾಶಯದ ಜಾಹೀರಾತು ಕೊಡುವವರು ಯಾರು ಅಂದುಕೊಂಡಿದ್ದೀರಿ? ಪುರಸಭೆಯ ಗುತ್ತಿಗೆದಾರರೇ. ಅವನ ಹೆಸರನ್ನು ನಾನು ಬರೆದರೆ ಮುಂದಿನ ಪುರವಣಿಗೆ ನನ್ನ ಟಾರ್ಗೆಟ್ ಮುಟ್ಟುವುದಿಲ್ಲ. ಆಗ ನಿಮ್ಮ ಕಚೇರಿಯಿಂದಲೇ ಫೋನ್ ಬರುತ್ತದೆ. ಮಾನನಷ್ಟ ಮೊಕದ್ದಮೆಯ ನೋಟಿಸ್ ಬಂದರೆ ತಿರುಗಾಡುವವನೂ ನಾನೇ. ಒಂದು ಸಲ ಬಂದಿದೆ. ಮೂರು ವರ್ಷ ಓಡಾಡಿದೆ, ಕಚೇರಿಯಿಂದ ಒಬ್ಬರೂ ಜೊತೆಗೆ ಬರಲಿಲ್ಲ.

ಅವತ್ತು ರಾತ್ರಿ ನಿಮಗೆ ಫೋನಿನಲ್ಲಿ ಸುದ್ದಿ ಕೊಟ್ಟ ಹುಡುಗನೂ ನನ್ನಂಥವನೇ ಇರಬೇಕು. 'ಯಾರು ಇಳಿಸಿದರು' ಅಂತ ನೀವು ಅವನನ್ನು ಕೇಳಿದ್ದಿರಾ? ಕೇಳಿದ್ದರೆ ಹೇಳುತ್ತಿದ್ದನೋ ಏನೋ. ನಮ್ಮನ್ನು ಎಷ್ಟು ಸಾವು, ಫೋಟೊ ಇದೆಯಾ, ಎರಡೇ ಕೇಳುತ್ತಾರೆ.

ರಾತ್ರಿಪಾಳಿ

ಕೇಳಿರಲಿಲ್ಲ. ನೀವು ಹೇಳಿದ್ದು ಸರಿ, ಅದು ನನ್ನ ತಪ್ಪು. ಎಷ್ಟು ಸಾವು ಎಂದು ಕೇಳಿದೆ, ಸತ್ತವರ ವಯಸ್ಸು ಕೇಳಿದೆ. ಆಮೇಲೆ ಫೋಟೊ ಕೇಳಿದೆ.

ಈಗ ನಾನು ಕೇಳುವುದು ಬೇರೆ. ಬೆಳಿಗ್ಗೆ ಅವರನ್ನು ಮನೆಯಿಂದ ಕರೆದುಕೊಂಡು ಹೋದವರು ಯಾರು? ಕೆಲಸದ ಆದೇಶ ಕೊಟ್ಟದ್ದು ಯಾವ ಕಚೇರಿ? ಆ ಪಟ್ಟಣದಲ್ಲಿ ಚರಂಡಿ ತೊಳೆಯುವ ಜೆಟ್ಟಿಂಗ್ ಮಷಿನ್ ಇದೆಯೇ, ಇದ್ದರೆ ಅವತ್ತು ಎಲ್ಲಿತ್ತು? ಜೊತೆಗೆ ಕೆಲಸ ಮಾಡುತ್ತಿದ್ದವರು ಏನನ್ನುತ್ತಾರೆ? ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಗುತ್ತಿಗೆದಾರನ ಹೆಸರು ಬರೆಯದೆಯೂ 'ಇಳಿಸಲಾಗಿತ್ತು ಎಂದು ಸಹೋದ್ಯೋಗಿಗಳು ತಿಳಿಸಿದ್ದಾರೆ' ಎಂದು ಬರೆಯಬಹುದು. ಉತ್ತರ ಸಿಗದಿದ್ದರೆ ಸಿಗಲಿಲ್ಲ ಎಂದೂ ಬರೆಯಬಹುದು. ಪುರಸಭೆ ಅಧಿಕಾರಿ ಫೋನ್ ಎತ್ತಲಿಲ್ಲ ಎಂಬುದೂ ಸುದ್ದಿಯೇ. ನಿಮ್ಮ ನೋಟಿಸಿನ ವಿಷಯ ಓದಿ ಸಂಕಟವಾಯಿತು. ಕಚೇರಿ ಬೆನ್ನಿಗೆ ನಿಲ್ಲದೆ ಹಳ್ಳಿಯ ವರದಿಗಾರನಿಂದ ಧೈರ್ಯ ಬೇಡುವುದು ತಪ್ಪು. ಇದನ್ನು ನನ್ನ ಮೇಲಿನವರಿಗೂ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ.

ಸೆಪ್ಟೆಂಬರ್ 23

ಇಲ್ಲಿ ನಾನಿಟ್ಟುಕೊಂಡ ಹೆಸರಿನ ಅರ್ಥ ಎಷ್ಟು ಜನಕ್ಕೆ ಗೊತ್ತೋ. ಸೆಪ್ಟೆಂಬರ್ 23 ಪೌರಕಾರ್ಮಿಕರ ದಿನಾಚರಣೆ. ನಮ್ಮಮ್ಮ ಪೌರಕಾರ್ಮಿಕರು. ನಾನೂ ಒಂದು ಸಲ ಸುದ್ದಿಯಾಗಿದ್ದೇನೆ, ಆದ್ದರಿಂದ ಬರೆಯುತ್ತಿದ್ದೇನೆ.

ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು. ಫಲಿತಾಂಶದ ದಿನ ಮಧ್ಯಾಹ್ನವೇ ಇಬ್ಬರು ಮನೆಗೆ ಬಂದರು. ಅಮ್ಮ ಆಗ ತಾನೇ ಕೆಲಸದಿಂದ ಬಂದು ಸ್ನಾನ ಮಾಡಿ, ಹಬ್ಬಕ್ಕೆ ಉಡುವ ಸೀರೆ ಉಟ್ಟಿದ್ದರು. ಫೋಟೊದವರು 'ಅಮ್ಮಾ, ಯೂನಿಫಾರ್ಮ್ ಹಾಕ್ಕೊಂಡು ಬನ್ನಿ, ಪೊರಕೆ ಹಿಡ್ಕೊಳ್ಳಿ' ಅಂದರು. ಅಮ್ಮ ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ಒಳಗೆ ಹೋಗಿ ಒಗೆಯಲು ಹಾಕಿದ್ದ ಯೂನಿಫಾರ್ಮನ್ನು ಬಕೆಟ್ಟಿನಿಂದ ತೆಗೆದು ಹಾಕಿಕೊಂಡು ಬಂದರು. ಒದ್ದೆ ಇತ್ತು. ಮಾರನೇ ದಿನ ಪೇಪರಿನಲ್ಲಿ 'ಕಸ ಗುಡಿಸುವವರ ಮನೆಯಲ್ಲಿ ಅರಳಿದ ಹೂವು' ಅನ್ನುವ ಥರದ ಮಾತು. ಬರೆದವರಿಗೆ ನನ್ನ ಮೇಲೆ ಪ್ರೀತಿಯೇ ಇತ್ತು, ಅದರಲ್ಲಿ ಅನುಮಾನವಿಲ್ಲ. ಆ ಸುದ್ದಿ ನೋಡಿ ಒಬ್ಬರು ಪಿಯುಸಿಯ ಫೀಸು ಕಟ್ಟಿದರು. ಅವರಿಗೆ ಇವತ್ತಿಗೂ ಋಣಿ.

ಆದರೆ ಅಮ್ಮ ಆಗ ಗುತ್ತಿಗೆಯಲ್ಲಿದ್ದರು. ಮೂರು ತಿಂಗಳಿಂದ ಸಂಬಳ ಬಂದಿರಲಿಲ್ಲ. ಪಿಎಫ್ ಹಿಡಿಯುತ್ತಿದ್ದರು, ಕಟ್ಟುತ್ತಿರಲಿಲ್ಲ. ಇದನ್ನೆಲ್ಲ ನಮ್ಮಪ್ಪ ಅವರಿಬ್ಬರಿಗೂ ಹೇಳಿದರು, ಚೀಟಿ ತೋರಿಸಿದರು. ಒಂದು ಸಾಲೂ ಬರಲಿಲ್ಲ. ಬಂದದ್ದು 'ಕಡುಬಡತನದ ನಡುವೆಯೂ' ಅಂತ. ನಮ್ಮ ಮನೆಯಲ್ಲಿ ಕಡುಬಡತನ ಇದ್ದದ್ದಕ್ಕೆ ಕಾರಣ ಆ ಚೀಟಿಯಲ್ಲಿ ಬರೆದಿತ್ತು. ಸಂಬಳ ಬಂದಿದ್ದರೆ ನನ್ನ ಫೀಸನ್ನು ಅಮ್ಮನೇ ಕಟ್ಟುತ್ತಿದ್ದರು.

ಕಾಲೇಜಿನಲ್ಲಿ ಮೊದಲ ದಿನವೇ ನನ್ನ ಜಾತಿ ಎಲ್ಲರಿಗೂ ಗೊತ್ತಿತ್ತು. ನಾನು ಬಚ್ಚಿಡುತ್ತಿದ್ದೆ ಅಂತಲ್ಲ. ಹೇಳುವುದೋ ಬಿಡುವುದೋ ಅನ್ನುವುದು ನನ್ನ ಕೈಯಲ್ಲಿ ಇರಬೇಕಿತ್ತು.

ರಾತ್ರಿಪಾಳಿ ಅಣ್ಣಾ, ಆ ಅಕ್ಕನಿಗೆ ಪರಿಹಾರ ಸಿಕ್ಕಿತಾ? ಅದನ್ನು ನೀವು ಬರೆಯಲೇ ಇಲ್ಲ.

ಸವಣೂರ ಎಲಿ

ಹಾವೇರಿ ಜಿಲ್ಲಾದಾಂವ ನಾನು. ನಮ್ಮ ಸವಣೂರು ಅಂದ್ರ ಮಂದಿಗೆ ವೀಳ್ಯದೆಲಿ ನೆನಪಾಗ್ತದ, ದೊಡ್ಡಹುಣಸಿ ಮಠದ ಆ ದೊಡ್ಡ ಗಿಡಗಳು ನೆನಪಾಗ್ತಾವ. 2010ರ ಜುಲೈದಾಗ ಬ್ಯಾರೇದ್ದಕ್ಕ ಇಡೀ ದೇಶಕ್ಕ ಗೊತ್ತಾತು. ಮಲ ಹೊರೂ ಕೆಲಸಕ್ಕ ಹಚ್ಚಿದ್ದ ಭಂಗಿ ಸಮಾಜದ ಕೆಲವರು ಪುರಸಭೆ ಮುಂದ ನಿಂತು ಮೈಮ್ಯಾಲೆ ಮಲ ಸುರಕೊಂಡ್ರು. ಅವರು ತಲೆತಲಾಂತರದಿಂದ ಇದ್ದ ಜಾಗಾದಿಂದ ಪುರಸಭೆ ಎಬ್ಬಿಸಾಕ ಹೊಂಟಿತ್ತು, ಅಲ್ಲಿ ಮಳಿಗೆ ಕಟ್ಟಬೇಕಂತ.

ಆಗ ನಾನು ಕಾಲೇಜಿನ್ಯಾಗ ಇದ್ದೆ. ಟೀವಿಯವರು ಬಂದ್ರು, ಮಂತ್ರಿಗಳು ಬಂದ್ರು, ಬೆಂಗಳೂರಿಂದ ದಿಲ್ಲಿತನಕ ಸುದ್ದಿ ಆತು. ನನಗ ಈಗಲೂ ಕಾಡೂದು ಅದರ ಹಿಂದಿನ ದಿನಗಳು. ಆ ಮಂದಿ ಅದಕ್ಕೂ ಮೊದಲ ಅರ್ಜಿ ಕೊಟ್ಟಿದ್ರು, ಕಚೇರಿಗೆ ಎಡತಾಕಿದ್ರು. ಅರ್ಜಿ ಕೈಯಾಗ ಹಿಡಕೊಂಡು ನಿಂತಾಗ ಯಾವ ಕ್ಯಾಮರಾ ಬಂದಿತ್ತು? ಮಲ ಸುರಕೊಂಡಾಗ ಬಂತು. ಅಂದ್ರ ಅವರಿಗೆ ಸುದ್ದಿ ಆಗಾಕ ಇದ್ದ ದಾರಿ ಅದೊಂದ. ಬಿ. ಬಸವಲಿಂಗಪ್ಪನವರು ಮಂತ್ರಿ ಇದ್ದಾಗ, 1970ರ ದಶಕದಾಗ, ತಲಿ ಮ್ಯಾಲೆ ಮಲ ಹೊರೂದನ್ನ ನಿಷೇಧ ಮಾಡಿದ್ದ ರಾಜ್ಯ ಇದು. ಮೂರು ದಶಕ ಕಳದ ಮ್ಯಾಲೂ ಸವಣೂರಾಗ ಆ ಕೆಲಸ ನಡದಿತ್ತು ಅನ್ನೂದ ಸುದ್ದಿ ಆಗಬೇಕಿತ್ತು, ಅದೂ ಯಾವ ಸೋಮವಾರ ಮಂಗಳವಾರ ಆದ್ರೂ ಸರಿ.

ರಾತ್ರಿಪಾಳಿ ಅವರು ಹೇಳಿದ ವ್ಯಾಕರಣ ಇಲ್ಲೂ ಐತಿ ನೋಡ್ರಿ. 'ಸುರಿದುಕೊಂಡರು' ಅಂತ ಬರದ್ರು. ಸುರಕೊಳ್ಳೂ ಹಂಗ ಮಾಡಿದವರ ಬಗ್ಗೆ ಬರದದ್ದು ಕಡಿಮಿ.

ಕಪ್ಪುಕೋಟು

ಸೆಪ್ಟೆಂಬರ್ 23, ನಿಮ್ಮ ಅಮ್ಮನ ಒದ್ದೆ ಯೂನಿಫಾರ್ಮಿನ ಮಾತು ಓದಿ ಸುಮಾರು ಹೊತ್ತು ಏನೂ ಬರೆಯಲಾಗಲಿಲ್ಲ.

ಆ ಪತ್ರಿಕೆಯ ಸುದ್ದಿಮನೆಯಲ್ಲಿ ನಿಮ್ಮ ಕಡೆಯವರೊಬ್ಬರು ಇದ್ದಿದ್ದರೆ 'ಪೊರಕೆ ಹಿಡಿಯಿರಿ' ಅನ್ನುವ ಮಾತು ಬರುತ್ತಿರಲಿಲ್ಲ ಅನ್ನಿಸಿತು. 2006ರಲ್ಲಿ ಯೋಗೇಂದ್ರ ಯಾದವ್, ಅನಿಲ್ ಚಮಡಿಯಾ, ಜಿತೇಂದ್ರ ಕುಮಾರ್ ದೆಹಲಿಯ 37 ಮಾಧ್ಯಮ ಸಂಸ್ಥೆಗಳ ಸಮೀಕ್ಷೆ ಮಾಡಿದ್ದರು. ನಿರ್ಧಾರ ತೆಗೆದುಕೊಳ್ಳುವ 315 ಹುದ್ದೆಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದವರು ಒಬ್ಬರೂ ಸಿಕ್ಕಿರಲಿಲ್ಲ. ಅಂಬೇಡ್ಕರ್ 1920ರ ಜನವರಿ 31ರಂದು ಶುರು ಮಾಡಿದ ಪತ್ರಿಕೆಗೆ 'ಮೂಕನಾಯಕ' ಅಂತ ಹೆಸರಿಟ್ಟಿದ್ದರು. ಅಲ್ಲಿಂದ ಎಂಬತ್ತಾರು ವರ್ಷಕ್ಕೆ ಆ ಸಮೀಕ್ಷೆ.

ಮಾನ್ವಿ ಕಡೆಯವ

'ಗುಳೆ ಹೋದರು' ಅನ್ನೋ ಮಾತಿಗೆ ನಾನು ನಿಲ್ಲಬೇಕಾಯ್ತು. ನಮ್ಮ ರಾಯಚೂರು, ಯಾದಗಿರಿ ಕಡೆ ದಸರಾ ದೀಪಾವಳಿ ಮುಗಿದ ಕೂಡಲೇ ಬಸ್‌ಸ್ಟ್ಯಾಂಡಿನಲ್ಲಿ ಗಂಟುಮೂಟೆ, ಪಾತ್ರೆ, ಮಕ್ಕಳು. ಪ್ರತಿ ವರ್ಷ ಆ ಫೋಟೊ ಬರುತ್ತದೆ. ಒಂದೇ ಬಸ್‌ಸ್ಟ್ಯಾಂಡು, ಒಂದೇ ಥರದ ಗಂಟು. ವಲಸೆ ಹಕ್ಕಿ ಬಂದ ಸುದ್ದಿಯ ಹಾಗೆ, ಕಾಲಕ್ಕೆ ಸರಿಯಾಗಿ.

ನಾನು ಉದ್ಯೋಗ ಖಾತ್ರಿಯಲ್ಲಿ ಕಾಯಕ ಬಂಧುವಾಗಿ, ಅಂದರೆ ಕೂಲಿಯವರ ಹಾಜರಿ, ಕೆಲಸ ನೋಡಿಕೊಳ್ಳುವವನಾಗಿ ಕೆಲಸ ಮಾಡಿದವನು. ಕೆಲಸ ಕೇಳಿದರೆ ಹದಿನೈದು ದಿನದೊಳಗೆ ಕೊಡಬೇಕು, ಕೂಲಿಯೂ ಹದಿನೈದು ದಿನದೊಳಗೆ ಬರಬೇಕು ಎಂದು ಕಾನೂನಿನಲ್ಲಿತ್ತು. ಕೂಲಿ ತಿಂಗಳುಗಟ್ಟಲೆ ಬಾರದೆ ಹೋದ ವರ್ಷಗಳನ್ನು ನಾನೇ ಕಂಡಿದ್ದೇನೆ. 2023ರ ಜನವರಿಯಿಂದ ದಿನಕ್ಕೆ ಎರಡು ಸಲ ಮೊಬೈಲಿನಲ್ಲಿ ಫೋಟೊ ತೆಗೆದು ಹಾಜರಿ ಹಾಕಬೇಕಾಯ್ತು. ಕೆರೆ ಅಂಗಳದಲ್ಲಿ ನೆಟ್‌ವರ್ಕ್ ಸಿಗದೆ ಹಾಜರಿ ಬೀಳದಿದ್ದರೆ ಅವತ್ತಿನ ಮಣ್ಣು ಹೊತ್ತದ್ದು ದಂಡ. ಎರಡು ಸಲ ಹಾಗಾದ ಹೆಣ್ಣುಮಗಳು ಮೂರನೇ ವಾರ ಬೆಂಗಳೂರಿನ ಮೇಸ್ತ್ರಿಗೆ ಫೋನ್ ಮಾಡುತ್ತಾಳೆ. ಅವಳು ಗುಳೆ ಹೋದಳೋ, ಕಳಿಸಿದರೋ?

ಪತ್ರಿಕೆಯಿಂದ ಏನೂ ಆಗುವುದಿಲ್ಲ ಅಂತಲೂ ನಾನು ಹೇಳಲಾರೆ. 2020ರ ಮೇ ತಿಂಗಳಲ್ಲಿ, ಬಿಲ್ಡರ್‌ಗಳ ಜೊತೆ ಮುಖ್ಯಮಂತ್ರಿಯ ಸಭೆ ಆದ ಬೆನ್ನಿಗೇ ನಮ್ಮ ಸರ್ಕಾರ ವಲಸೆ ಕಾರ್ಮಿಕರ ರೈಲುಗಳನ್ನು ರದ್ದು ಮಾಡಿತು. ಆಗ ಪತ್ರಿಕೆಗಳು ನಡೆದು ಹೋಗುವವರ ಕಾಲಿನ ಬೊಬ್ಬೆಯ ಜೊತೆಗೆ ಆ ಸಭೆಯನ್ನೂ ಬರೆದವು. ಯಾರು ಯಾರನ್ನು ಕಂಡರು, ರೈಲು ಬೇಡವೆಂದು ಸರ್ಕಾರ ರೈಲ್ವೆಗೆ ಬರೆದ ಪತ್ರದಲ್ಲಿ ಏನಿತ್ತು, ಎಲ್ಲ ಬಂತು. ಎರಡೇ ದಿನದಲ್ಲಿ ರೈಲು ಬಿಡಲು ಒಪ್ಪಿದರು. ಅದೇ ವಾರ, ಮೇ 8ರ ಬೆಳಗಿನ ಜಾವ, ಔರಂಗಾಬಾದ್ ಹತ್ತಿರ ಹಳಿಯ ಮೇಲೆ ಮಲಗಿದ್ದ 16 ಜನರ ಮೇಲೆ ಗೂಡ್ಸ್ ರೈಲು ಹರಿಯಿತು. ಹಳಿಯ ನಡುವೆ ಬಿದ್ದಿದ್ದ ರೊಟ್ಟಿಯ ಚಿತ್ರವನ್ನು ದೇಶವೆಲ್ಲ ನೋಡಿತು. ನಾನೂ ಅತ್ತೆ. ಆದರೆ ಮಧ್ಯಪ್ರದೇಶದ ಆ ಹುಡುಗರು ಜಾಲ್ನಾದಿಂದ ಯಾಕೆ ಹಳಿ ಹಿಡಿದು ನಡೆಯಬೇಕಾಯ್ತು ಅನ್ನುವುದು ರೊಟ್ಟಿಯ ಚಿತ್ರದಲ್ಲಿ ಕಾಣುವುದಿಲ್ಲ. ಅದನ್ನು ಯಾರಾದರೂ ಬರೆದೇ ಹೇಳಬೇಕು.

ತಾಲ್ಲೂಕು ವರದಿ

ಇದೆಲ್ಲ ಓದಿದ ಮೇಲೆ ನನ್ನ ಹಳೆಯ ಪುಸ್ತಕ ತೆಗೆದೆ. ಕಳೆದ ವರ್ಷ ನಮ್ಮ ಹೋಬಳಿಯಲ್ಲಿ ಕಬ್ಬಿನ ಗಾಡಿ ಮಗುಚಿ ಕೂಲಿಯವರಿಗೆ ಪೆಟ್ಟಾಗಿತ್ತು. 'ಚಾಲಕನ ನಿಯಂತ್ರಣ ತಪ್ಪಿ' ಅಂತ ಕಳಿಸಿದ್ದೆ. ಪುಸ್ತಕದಲ್ಲಿ ನನ್ನ ಕೈಬರಹದಲ್ಲೇ ಇದೆ: 'ಡ್ರೈವರ್ ಎರಡು ರಾತ್ರಿ ನಿದ್ದೆ ಮಾಡಿಲ್ಲ, ಟ್ರಿಪ್ ಮುಗಿಸು ಅಂದರಂತೆ.' ಬರೆದುಕೊಂಡಿದ್ದೆ, ಕಳಿಸಿರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ, ಸರ್. ನಾನೇ ಬಿಟ್ಟಿದ್ದೆ.

ರಾತ್ರಿಪಾಳಿ

ಸೆಪ್ಟೆಂಬರ್ 23, ನೀವು ಕೇಳಿದ್ದಕ್ಕೆ ಉತ್ತರ ಕೊಡದೆ ನಾಲ್ಕು ದಿನ ಆಯಿತು. ಕ್ಷಮಿಸಿ. ಭಾನುವಾರ ಅವರ ಊರಿಗೆ ಹೋಗಿ ಬಂದೆ. ಕಚೇರಿಗೆ ಬಂದು ಹೋದ ಮೇಲೆ ಅವರನ್ನು ನೋಡಲು ನಾನು ಒಮ್ಮೆಯೂ ಹೋಗಿರಲಿಲ್ಲ. ಪುಟದ ಮೂಲೆಯಲ್ಲಿ ಒಂದು ತಿದ್ದುಪಡಿ ಹಾಕಿಸಿ ಸುಮ್ಮನಾಗಿದ್ದೆ.

ಪರಿಹಾರ ಬಂದಿದೆ. 10 ಲಕ್ಷ. ಕಂತಿನಲ್ಲಿ, ಕೊನೆಯದು ಬರುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. ಅತ್ತೆ ತೀರಿಕೊಂಡಿದ್ದಾರೆ. ಮಗ ಐಟಿಐ ಓದುತ್ತಿದ್ದಾನೆ. ಇಳಿಸಿದವನ ಮೇಲಿನ ಕೇಸು ಏನಾಯಿತೆಂದು ಕೇಳಿದೆ. ಮೊದಮೊದಲು ಕೋರ್ಟಿಗೆ ಕರೆಯುತ್ತಿದ್ದರಂತೆ, ಆಮೇಲೆ ಕರೆಯಲಿಲ್ಲವಂತೆ. ಕಪ್ಪುಕೋಟು ಮೇಡಂ, ಕೇಸಿನ ನಂಬರು ಇರುವ ಕಾಗದದ ಫೋಟೊ ಅವರ ಒಪ್ಪಿಗೆ ಪಡೆದು ತಂದಿದ್ದೇನೆ. ನಿಮಗೆ ಬೇರೆಯಾಗಿ ಕಳಿಸುತ್ತೇನೆ, ದಯವಿಟ್ಟು ನೋಡಿ.

ಚಹಾ ಕೊಟ್ಟರು. ನಾನು ಪುಸ್ತಕ ತೆಗೆದು, 'ಅಕ್ಕಾ, ಈಗ ಬರೆಯುವುದಾದರೆ ಏನು ಬರೆಯಲಿ, ನೀವೇ ಹೇಳಿ' ಅಂದೆ. ಹೆಸರು ಹಾಕಬೇಡಿ, ಮಗನ ಫೋಟೊ ಬೇಡ, ಮನೆಯ ಫೋಟೊ ಬೇಡ ಅಂದರು. ಆಮೇಲೆ ಸ್ವಲ್ಪ ಹೊತ್ತು ಯೋಚಿಸಿ ಹೇಳಿದ್ದನ್ನು ಇದ್ದ ಹಾಗೇ ಬರೆದುಕೊಂಡು ಬಂದಿದ್ದೇನೆ:

'ಅವ್ರಿಗೆ ಗುಂಡಿ ಅಂದ್ರೆ ಭಯ ಇತ್ತು ಅಂತ ಬರೀರಿ. ಅವತ್ತು ಬೆಳಿಗ್ಗೆ ಮನೆ ಬಾಗ್ಲಲ್ಲೇ ಎರಡು ಸಲ ಆಗಲ್ಲ ಅಂದ್ರು. ನಾನು ಒಳಗಿಂದ ಕೇಳಿಸ್ಕೊಂಡೆ. ಮೂರ್ನೇ ಸಲಕ್ಕೆ ಚಪ್ಲಿ ಹಾಕ್ಕೊಂಡ್ರು.'